ಬಹಳ ವರ್ಷಗಳ ನಂತರ ಮತ್ತೆ ಹಾರ್ಮೋನಿಕಾ ಹಿಡಿದಿದ್ದೇನೆ. ನುಡಿಸುವ ರೀತಿ ಸುಧಾರಿಸೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ನಾನೂ ನಡುವೆ ಹಲವು ವರ್ಷ ಬಿಟ್ಟು ಮತ್ತೆ ಶುರು ಮಾಡಿದವನು. ನೀವು ಹೇಳಿರುವುದು ಇಷ್ಟು: ಹತ್ತು ತೂತಿನ ಸಿ ಶ್ರುತಿಯ ಹಾರ್ಮೋನಿಕಾ ಇದೆ. ಹಳೆಯ ಹಾಡುಗಳು ನೆನಪಿವೆ. ಆದರೆ ಎರಡನೇ ತೂತಿನಲ್ಲಿ ಉಸಿರು ಎಳೆದರೆ ಸ್ವರ ಮಂಕಾಗಿ ಬರುತ್ತದೆ, ಬೆಂಡ್ (ನಾಲಿಗೆ, ಉಸಿರಿನಿಂದ ಸ್ವರವನ್ನು ಕೆಳಗಿಳಿಸುವುದು) ಬರುವುದೇ ಇಲ್ಲ, ಒಂದೆರಡು ಹಾಡಿಗೇ ಏದುಸಿರು. ಜೊತೆಗೆ, ಪಕ್ಕದಲ್ಲಿ ಬಟನ್ ಇರುವ ಕ್ರೊಮ್ಯಾಟಿಕ್ ಹಾರ್ಮೋನಿಕಾ ಕೊಳ್ಳಲಾ ಬೇಡವಾ ಅಂತ ಕೇಳಿದ್ದೀರಿ.

ಮೊದಲ ಮೂರೂ ನನ್ನ ಪ್ರಕಾರ ಒಂದೇ ತೊಂದರೆ. ಉಸಿರಿನ ಜೋರು ಜಾಸ್ತಿ, ಬಾಯಿ ಬಿಗಿ. ಬಿಟ್ಟು ಮತ್ತೆ ಬಂದವರಿಗೆ ಹಾಡು ಚೆನ್ನಾಗಿ ನೆನಪಿರುತ್ತದೆ, ಹಾಗಾಗಿ ಮೊದಲ ದಿನವೇ ಹಳೆಯ ವೇಗದಲ್ಲಿ ನುಡಿಸಲು ಹೋಗುತ್ತಾರೆ. ತುಟಿ, ನಾಲಿಗೆ, ಗಂಟಲಿಗೆ ಆ ರೂಢಿ ತಪ್ಪಿರುತ್ತದೆ. ಸ್ವರ ಬರದಿದ್ದರೆ ಇನ್ನಷ್ಟು ಜೋರಾಗಿ ಎಳೆಯುತ್ತಾರೆ. ಕೆಲವು ವಾರ ಹಾಡುಗಳನ್ನು ಪಕ್ಕಕ್ಕಿಡಿ. ಇದು ಕಷ್ಟ, ಗೊತ್ತು. ಆದರೆ ನನಗೆ ಅತಿ ಹೆಚ್ಚು ಉಪಯೋಗವಾದದ್ದು ಇದೇ.

ಎರಡನೇ ತೂತಿನಿಂದಲೇ ಶುರು ಮಾಡೋಣ. ಮೂರನೇ ತೂತನ್ನು ಊದಿ. ಬರುವ ಸ್ವರ ಪ. ಈಗ ಎರಡನೇ ತೂತಿನಲ್ಲಿ ಉಸಿರು ಎಳೆದುಕೊಳ್ಳಿ. ಅಲ್ಲೂ ಅದೇ ಪ ಬರಬೇಕು, ಎಳ್ಳಷ್ಟೂ ಕೆಳಗಿಳಿಯಬಾರದು. ಒಂದರ ಹಿಂದೆ ಒಂದು ನುಡಿಸಿ ಕೇಳಿ. ಎರಡನೆಯದು ಇಳಿದಿದ್ದರೆ, ನಿಮಗೆ ಗೊತ್ತಿಲ್ಲದೆ ಅದನ್ನು ಅರೆಬರೆ ಬೆಂಡ್ ಮಾಡುತ್ತಿದ್ದೀರಿ ಎಂದರ್ಥ. ನಾಲಿಗೆ ಹಿಂದಕ್ಕೆ ಹೋಗಿದೆ, ಬಾಯಿಯೊಳಗಿನ ಜಾಗ ಬದಲಾಗಿದೆ, ರೀಡ್ (ಒಳಗೆ ಕಂಪಿಸಿ ಸ್ವರ ಹೊರಡಿಸುವ ತೆಳು ಲೋಹದ ಪಟ್ಟಿ) ಉಸಿರುಗಟ್ಟಿ ನಿಂತಿದೆ. ವಾದ್ಯ ಕೆಟ್ಟಿದೆ ಅಂತ ಬಹಳ ಜನ ತಿಳಿದುಕೊಳ್ಳುವುದು ಇಲ್ಲೇ. ಅದನ್ನೂ ಪರೀಕ್ಷಿಸಬಹುದು. ಒಂದು, ಎರಡು, ಮೂರನೇ ತೂತುಗಳನ್ನು ಒಟ್ಟಿಗೆ ಮೆಲ್ಲಗೆ ಎಳೆಯಿರಿ. ಮೂರೂ ತುಂಬಿಕೊಂಡು ಕೇಳಿಸಿದರೆ ರೀಡ್ ಸರಿಯಾಗಿದೆ.

ಆ ಮೂರು ತೂತುಗಳೇ ನಿಮ್ಮ ಅಭ್ಯಾಸದ ಜಾಗ. ಹಾರ್ಮೋನಿಕಾ ತುಟಿಯ ತುದಿಯಲ್ಲಿ ಇರಬಾರದು, ತುಟಿಯ ಒಳಗಿನ ಒದ್ದೆ ಭಾಗಕ್ಕೆ ತಾಗುವಷ್ಟು ಒಳಗೆ ಇಟ್ಟುಕೊಳ್ಳಿ. ದವಡೆ ಸಡಿಲ ಬಿಡಿ. ಈಗ ಸುಮ್ನೆ ಉಸಿರಾಡಿ. ಹೊರಗೆ ಬಿಟ್ಟಾಗ ಸ ಗ ಪ, ಒಳಗೆ ಎಳೆದಾಗ ರಿ ಪ ನಿ. ಕನ್ನಡಿ ಮೇಲೆ ಹಬೆ ಕೂರಿಸುವಾಗ ಬಿಡುತ್ತೀವಲ್ಲ, ಅಷ್ಟು ಬೆಚ್ಚಗಿನ, ನಿಧಾನದ ಉಸಿರು ಸಾಕು. ಎಳೆಯುವಾಗಲೂ ಅದೇ ಗತಿ, ಹೊಟ್ಟೆಯಿಂದ. ಸ್ಟ್ರಾದಲ್ಲಿ ಹೀರುವ ಥರ ಕೆನ್ನೆ ಒಳಗೆ ಹೋಗುತ್ತಿದ್ದರೆ ತಪ್ಪು. ಮೂರು ಸ್ವರಗಳೂ ತುಂಬಿ ಬಂದ ಮೇಲೆ, ಉಸಿರನ್ನು ಬದಲಿಸದೆ ತುಟಿಗಳನ್ನು ಮಾತ್ರ ನಿಧಾನವಾಗಿ ಕಿರಿದು ಮಾಡುತ್ತಾ ಎರಡನೇ ತೂತಿಗೆ ಬನ್ನಿ. ಮಂಕಾದ ತಕ್ಷಣ ಮತ್ತೆ ಮೂರೂ ತೂತುಗಳಿಗೆ ಹೋಗಿ. ಒಂದು ಸಲ ಮೂಗು ಹಿಡಿದುಕೊಂಡೂ ನೋಡಿ. ಹಾಗೆ ಹಿಡಿದಾಗ ಸ್ವರ ಗಟ್ಟಿಯಾದರೆ, ಗಾಳಿ ಮೂಗಿನಲ್ಲಿ ಸೋರುತ್ತಿತ್ತು ಅಂತ.

ಏದುಸಿರಿನ ವಿಷಯ. ಎಳೆಯುವ ಸ್ವರಗಳೇ ಜಾಸ್ತಿ ಇರುವ ಹಾಡಿನಲ್ಲಿ ಎದೆಯಲ್ಲಿ ಗಾಳಿ ಖಾಲಿಯಾಗುವುದಿಲ್ಲ, ತುಂಬಿಕೊಳ್ಳುತ್ತದೆ. ಆದರೆ ನಮಗೆ ಸುಸ್ತು ಅನ್ನಿಸಿ ಇನ್ನೊಂದಷ್ಟು ಉಸಿರು ಎಳೆದುಕೊಳ್ಳುತ್ತೇವೆ. ಮಾಡಬೇಕಾದ್ದು ಅದರ ಉಲ್ಟಾ. ಸಾಲುಗಳ ನಡುವೆ ಮೂಗಿನಿಂದ ಗಾಳಿ ಹೊರಗೆ ಬಿಡಿ.

ಬೆಂಡ್‌ಗೆ ಬರುವ ಮೊದಲು ಅದು ಹೇಗೆ ಆಗುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಹಗುರ. ಪ್ರತಿ ತೂತಿನಲ್ಲೂ ಎರಡು ರೀಡ್ ಇವೆ, ಊದುವುದಕ್ಕೆ ಒಂದು, ಎಳೆಯುವುದಕ್ಕೆ ಒಂದು. ಒಂದರಿಂದ ಆರರವರೆಗೆ ಎಳೆಯುವ ಸ್ವರ ಮೇಲಿನದು. ಅದನ್ನು ಬೆಂಡ್ ಮಾಡುವಾಗ ಊದುವ ರೀಡ್ ಕೂಡ ಸೇರಿಕೊಂಡು ನುಡಿಯುತ್ತದೆ. ಸ್ವರ ಇಳಿಯುವುದು ಕೆಳಗಿನ ರೀಡ್‌ಗಿಂತ ಅರ್ಧ ಸ್ವರ ಮೇಲಿನವರೆಗೆ ಮಾತ್ರ. ನಾಲ್ಕನೇ ತೂತಿನಲ್ಲಿ ರಿ ಮತ್ತು ಸ ಇವೆ, ಆದ್ದರಿಂದ ಒಂದೇ ಅರ್ಧ ಸ್ವರ ಇಳಿಯುತ್ತದೆ. ಎರಡರಲ್ಲಿ ಎರಡು, ಮೂರರಲ್ಲಿ ಮೂರು. ಐದರಲ್ಲಿ ಮ, ಗ ಪಕ್ಕಪಕ್ಕದಲ್ಲೇ ಇರುವುದರಿಂದ ಪೂರ್ತಿ ಬೆಂಡ್ ಇಲ್ಲವೇ ಇಲ್ಲ. ಅಲ್ಲಿ ಜಗ್ಗಾಡಿದರೆ ರೀಡ್ ಹಾಳಾಗುತ್ತದೆ, ಅಷ್ಟೇ.

ನಾಲ್ಕರಿಂದ ಶುರು ಮಾಡಿ. ಮೊದಲು ಹಾರ್ಮೋನಿಕಾ ಇಲ್ಲದೆ, ಉಸಿರು ಒಳಗೆ ಎಳೆಯುತ್ತಾ ಶಿಳ್ಳೆ ಹಾಕಿ. ಶಿಳ್ಳೆಯನ್ನು ಮೇಲಿನಿಂದ ಕೆಳಗೆ ಜಾರಿಸಿ. ಆಗ ನಾಲಿಗೆ ಏನು ಮಾಡುತ್ತದೆ ಅಂತ ಗಮನಿಸಿ: ಹಿಂದಕ್ಕೆ ಸರಿದು ಕೆಳಗಿಳಿಯುತ್ತದೆ, ತುಟಿ ಇದ್ದಲ್ಲೇ ಇರುತ್ತದೆ. ‘ಈ’ ಅನ್ನುವ ಬಾಯಿಂದ ‘ಊ’ ಅನ್ನುವ ಬಾಯಿಗೆ ಹೋದ ಹಾಗೆ. ಈಗ ಅದನ್ನೇ ನಾಲ್ಕನೇ ತೂತಿನಲ್ಲಿ ಮಾಡಿ. ಮೊದಮೊದಲು ಸ್ವರ ಒಮ್ಮೆಲೇ ನಿಂತುಹೋಗುತ್ತದೆ. ಪರವಾಗಿಲ್ಲ, ಜೋರು ಮಾತ್ರ ಹೆಚ್ಚಿಸಬೇಡಿ. ಬಂದ ಮೇಲೆ ಫೋನಿನಲ್ಲಿ ಒಂದು ಟ್ಯೂನರ್ ಹಾಕಿಕೊಂಡು, ಇಳಿದ ಸ್ವರದಲ್ಲೇ ನಿಲ್ಲುವುದನ್ನು ಕಲಿಯಿರಿ. ಇಳಿಸಿ ಬಿಡುವುದು ಸುಲಭ, ನಿಲ್ಲಿಸುವುದೇ ವಿದ್ಯೆ. ಯಾಕೆಂದರೆ ಕೆಳಗಿನ ಸಪ್ತಕದಲ್ಲಿ ಮ ಮತ್ತು ಧ ಇಲ್ಲ. ಎರಡನ್ನು ಪೂರ್ತಿ ಇಳಿಸಿದರೆ ಮ, ಮೂರನ್ನು ಎರಡು ಅರ್ಧ ಸ್ವರ ಇಳಿಸಿದರೆ ಧ. ಇವೆರಡೂ ಶ್ರುತಿಯಲ್ಲಿ ನಿಂತವು ಅನ್ನಿ, ಆಮೇಲೆ ಕೆಳಗಿನ ಸಪ್ತಕ ಪೂರ್ತಿ ನಿಮ್ಮದು. ಮೂರನೇ ತೂತು ತಿಂಗಳುಗಟ್ಟಲೆ ಕಾಡಬಹುದು, ಅದು ಎಲ್ಲರಿಗೂ ಹಾಗೇ.

ಇನ್ನೊಂದು ಎಡವುವ ಜಾಗ ಆರರಿಂದ ಏಳಕ್ಕೆ ಹೋಗುವಾಗ. ಏಳರಿಂದ ಮೇಲೆ ಊದುವ ಸ್ವರವೇ ಮೇಲಿನದು. ಹಾಗಾಗಿ ಧ, ನಿ ಎರಡನ್ನೂ ಎಳೆದು, ಆಮೇಲೆ ಊದಿದರೆ ಸ. ಇಷ್ಟನ್ನೇ ನಿಧಾನವಾಗಿ ಹಿಂದೆ ಮುಂದೆ ನುಡಿಸುತ್ತಿರಿ.

ವಾದ್ಯ ಹಳೆಯದಾಗಿದ್ದರೆ ಒಳಭಾಗ ನೋಡಿ. ಪ್ಲಾಸ್ಟಿಕ್ ಒಡಲಿನದಾದರೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಅಂಗೈಗೆ ತಟ್ಟಿ ಒಣಗಿಸಬಹುದು. ಜರ್ಮನಿಯ ಹೋನರ್ ಕಂಪನಿಯವರು 1896ರಿಂದ ಮಾಡುತ್ತಿರುವ ಮರೀನ್ ಬ್ಯಾಂಡ್‌ನಂಥ ಮರದ ಒಡಲಿನದಾದರೆ ನೀರು ಬೇಡವೇ ಬೇಡ, ಮರ ಉಬ್ಬುತ್ತದೆ.

ಕ್ರೊಮ್ಯಾಟಿಕ್ ಬಗ್ಗೆ: ಅದು ಬೇರೆಯದೇ ವಾದ್ಯ. ಸಾಮಾನ್ಯವಾಗಿ 12 ತೂತು, 48 ರೀಡ್. ಪಕ್ಕದ ಬಟನ್ ಒತ್ತಿದರೆ ಎಲ್ಲ ಸ್ವರಗಳೂ ಅರ್ಧ ಸ್ವರ ಮೇಲೇರುತ್ತವೆ. ಬೆಂಡ್ ಇಲ್ಲದೆಯೇ ಎಲ್ಲ ಸ್ವರಗಳೂ ಸಿಗುತ್ತವೆ, ಆದರೆ ಗಾಳಿ ಸೋರದಂತೆ ತಡೆಯುವ ತೆಳು ಪಟ್ಟಿಗಳು (ವಾಲ್ವ್) ಇರುವುದರಿಂದ ಎರಡು ರೀಡ್ ಸೇರಿ ಆಗುವ ಈ ಬೆಂಡ್ ಅದರಲ್ಲಿಲ್ಲ. ಅಮೆರಿಕದ ಬ್ಲೂಸ್ ವಾದಕ ಲಿಟಲ್ ವಾಲ್ಟರ್ ಡಯಾಟೋನಿಕ್‌ನಲ್ಲಿ (ನಿಮ್ಮಲ್ಲಿರುವಂಥ ಹತ್ತು ತೂತಿನದು) ನುಡಿಸಿದ್ದನ್ನೂ, ಬೆಲ್ಜಿಯಂನ ಜಾಝ್ ವಾದಕ ಟೂಟ್ಸ್ ಥೀಲೆಮನ್ಸ್ ಕ್ರೊಮ್ಯಾಟಿಕ್‌ನಲ್ಲಿ ನುಡಿಸಿದ್ದನ್ನೂ ಒಂದು ಸಂಜೆ ಕೂತು ಕೇಳಿ. ಯಾವ ದನಿ ನಿಮ್ಮನ್ನು ಹಿಡಿದು ಕೂರಿಸುತ್ತದೋ ಆ ವಾದ್ಯ ತೆಗೆದುಕೊಳ್ಳಿ. ಎರಡೂ ಇಷ್ಟವಾದರೆ ಮೊದಲು ಈ ಎರಡನೇ ತೂತನ್ನು ಸರಿ ಮಾಡಿಕೊಳ್ಳಿ, ಈ ಉಸಿರಿನ ಅಭ್ಯಾಸ ಅಲ್ಲೂ ಬೇಕೇ ಬೇಕು.