ಬಯೋಮೆಡಿಕಲ್ ಸಂಶೋಧನೆಗೆ ಎಂಬಿಬಿಎಸ್ ಬೇಕೇ ಬೇಕಾ?

ನಮಸ್ಕಾರ ಅಕ್ಕ. ಮಗಳು ಮಡಿಕೇರಿಯಲ್ಲಿ ಬಿಎಸ್ಸಿ ಭೌತಶಾಸ್ತ್ರ ಓದುತ್ತಿದ್ದಾಳೆ, ವಿಶ್ವವಿದ್ಯಾಲಯದ ವೈದ್ಯಕೀಯ ಸಂಶೋಧನಾ ತಂಡ ಸೇರಲು ಡಾಕ್ಟರೇ ಆಗಿರಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಡ.

ಇಂಥ ತಂಡದಲ್ಲಿ ಡಾಕ್ಟರು ಇರುತ್ತಾರೆ ನಿಜ, ಆದರೆ ಅವರೊಬ್ಬರೇ ಅಲ್ಲ. ಜೀವರಸಾಯನ ಓದಿದವರು, ಎಂಜಿನಿಯರು, ರೋಗಿಗಳ ಮನೆಗೇ ಹೋಗಿ ಮಾತಾಡಿಸುವ ನರ್ಸು, ಎಲ್ಲರೂ ಬೇಕು. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ನೈತಿಕತಾ ಸಮಿತಿಯಲ್ಲಂತೂ ಪಶುವೈದ್ಯರು ಇರಲೇಬೇಕು. ನನ್ನ ಪ್ರಕಾರ ಎಲ್ಲಕ್ಕಿಂತ ಕಡೆಗಣಿಸಲ್ಪಟ್ಟವರು ಸಂಖ್ಯಾಶಾಸ್ತ್ರದವರು. ಎಷ್ಟು ಜನರ ರಕ್ತ ತೆಗೆಯಬೇಕು ಅನ್ನುವುದನ್ನು ಮೊದಲ ಸೂಜಿ ಚುಚ್ಚುವ ಮುಂಚೆಯೇ ಲೆಕ್ಕ ಹಾಕಬೇಕು. ಅಲ್ಲಿ ತಪ್ಪಿದರೆ ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ಚೀಟಿ ಅಂಟಿಸಿ ಜೋಡಿಸಿಟ್ಟ ಪುಟ್ಟ ಟ್ಯೂಬುಗಳೆಲ್ಲ ವ್ಯರ್ಥ.

ವಿಜ್ಞಾನಿ ವೆಂಕಿ ರಾಮಕೃಷ್ಣನ್ ಅವರನ್ನೇ ನೋಡಿ. ಪಿಎಚ್‌ಡಿ ಮಾಡಿದ್ದು ಭೌತಶಾಸ್ತ್ರದಲ್ಲಿ. ಆಮೇಲೆ ಮತ್ತೆ ವಿದ್ಯಾರ್ಥಿಯಾಗಿ ಕೂತು ಜೀವಶಾಸ್ತ್ರ ಕಲಿತರು. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ನ ರಚನೆ ತಿಳಿಸಿದ ಕೆಲಸಕ್ಕೆ 2009ರ ನೊಬೆಲ್ ಬಂತು, ಅದೂ ರಸಾಯನಶಾಸ್ತ್ರದಲ್ಲಿ!

ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಬಿಎಸ್ಸಿ ನಂತರ ಸೇರಬಹುದಾದ ಇಂಟಿಗ್ರೇಟೆಡ್ ಪಿಎಚ್‌ಡಿ (ಎಂಎಸ್ಸಿ, ಪಿಎಚ್‌ಡಿ ಎರಡೂ ಒಟ್ಟಿಗೆ) ಇದೆ, ಅದರ ಪ್ರವೇಶ ಪರೀಕ್ಷೆ ವಿವರ ಈಗಲೇ ನೋಡಲಿ. ಈ ಮಳೆಗಾಲದಲ್ಲಿ ಹೇಗೂ ಮನೆಯಲ್ಲೇ ಇರುತ್ತಾಳಲ್ಲ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಸ್ವಲ್ಪ ಸಂಖ್ಯಾಶಾಸ್ತ್ರ ಶುರು ಮಾಡಿಸಿ.