ಸಿ ಭಾಷೆಯಲ್ಲಿ ಕ್ಲಾಸೇ ಇಲ್ಲ, ಹಾಗಿದ್ದರೆ ಲಿನಕ್ಸ್‌ನ ಫೈಲ್ ಸಿಸ್ಟಮ್ ಕೋಡ್ ಆಬ್ಜೆಕ್ಟ್ ಓರಿಯೆಂಟೆಡ್ ಹೇಗೆ?

ಕ್ಲಾಸ್ ಮಾಡುವ ಕೆಲಸವನ್ನು ಇಲ್ಲಿ ಎರಡು ಕಡೆ ಹಂಚಿದ್ದಾರೆ. ಮೆಥಡ್‌ಗಳು ಫಂಕ್ಷನ್ ಪಾಯಿಂಟರ್‌ಗಳ ಒಂದು ಸ್ಟ್ರಕ್ಟ್‌ನಲ್ಲಿವೆ. ಇನ್‌ಹೆರಿಟೆನ್ಸ್ ಎಂದರೆ ಒಂದು ಸ್ಟ್ರಕ್ಟ್‌ನ ಹೊಟ್ಟೆಯಲ್ಲಿ ಇನ್ನೊಂದನ್ನು ಇಡುವುದು. ಸ್ವಂತ ಫೈಲ್ ಸಿಸ್ಟಮ್ ಬರೆಯಲು ಹೊರಟವರಿಗಾಗಿ ಎರಡನೆಯದನ್ನೇ ವಿವರವಾಗಿ ಹೇಳುತ್ತೇನೆ. ಜನ ಎಡವುವುದು ಅಲ್ಲೇ.

ಮೊದಲು ಮೆಥಡ್. ರೀಡ್ ಕರೆ ಬಂದಾಗ ವಿಎಫ್‌ಎಸ್ (ಎಲ್ಲ ಫೈಲ್ ಸಿಸ್ಟಮ್‌ಗಳ ಮೇಲೆ ಕೂರುವ ಕರ್ನಲ್‌ನ ಸಾಮಾನ್ಯ ಪದರ) ಆ ಫೈಲಿನ ಫೈಲ್_ಆಪರೇಷನ್ಸ್ ಪಟ್ಟಿಯಲ್ಲಿ ರೀಡ್ ಇದೆಯೇ ನೋಡುತ್ತದೆ, ಇಲ್ಲದಿದ್ದರೆ ರೀಡ್_ಇಟರ್. ಎರಡೂ ಇಲ್ಲವೆಂದರೆ ಇಐಎನ್‌ವಿಎಎಲ್ ಎಂಬ ದೋಷಸಂಕೇತ. ಕರ್ನಲ್‌ನಲ್ಲೇ ಸಿದ್ಧವಿರುವ ಜೆನೆರಿಕ್_ಫೈಲ್_ರೀಡ್_ಇಟರ್ ಅನ್ನು ಹಾಗೇ ಅಲ್ಲಿ ಕೂರಿಸಿದರೆ ಬೇಸ್ ಕ್ಲಾಸ್‌ನ ಮೆಥಡ್ ಸಿಕ್ಕಂತೆ. ಇಎಕ್ಸ್‌ಟಿ2 ಎಂಬ ಲಿನಕ್ಸ್ ಫೈಲ್ ಸಿಸ್ಟಮ್‌ನಲ್ಲಿ ಸಾಮಾನ್ಯ ಫೈಲ್, ಡೈರೆಕ್ಟರಿ, ಸಿಮ್‌ಲಿಂಕ್ ಮೂರಕ್ಕೂ ಸ್ಟ್ರಕ್ಟ್ ಒಂದೇ, ಮೆಥಡ್ ಪಟ್ಟಿ ಮಾತ್ರ ಬೇರೆ ಬೇರೆ. ಐನೋಡ್ (ಒಂದು ಫೈಲಿನ ವಿವರಗಳ ದಾಖಲೆ) ಓದಿಕೊಂಡ ಮೇಲೆ ಅದರಲ್ಲಿ ಫೈಲಿನ ಬಗೆ ಹೇಳುವ ಮೋಡ್ ನೋಡಿ ಆಯ್ಕೆ ಮಾಡುತ್ತಾರೆ. ಕ್ಲಾಸ್ ಇರುವ ಭಾಷೆಗಳಲ್ಲಿ ಇಷ್ಟು ಸಲೀಸಾಗಿ ಆಗದ ಕೆಲಸವಿದು, ನನಗೆ ಈ ವಿನ್ಯಾಸದಲ್ಲಿ ಬಹಳ ಹಿಡಿಸಿದ ಅಂಶವೂ ಹೌದು. ಮೂಲ ಕಲ್ಪನೆ ಹಳೆಯದು: ಸನ್ ಕಂಪನಿಯ ಯುನಿಕ್ಸ್ ಆದ ಸನ್‌ಓಎಸ್ 1985ರಲ್ಲೇ ಸ್ಥಳೀಯ ಡಿಸ್ಕ್ ಮತ್ತು ಎನ್‌ಎಫ್‌ಎಸ್ (ನೆಟ್‌ವರ್ಕ್ ಫೈಲ್ ಸಿಸ್ಟಮ್) ಎರಡನ್ನೂ ವಿನೋಡ್ ಎಂಬ ಒಂದೇ ಇಂಟರ್‌ಫೇಸ್ ಕೆಳಗೆ ತಂದಿತ್ತು.

ಇನ್ನು ಇನ್‌ಹೆರಿಟೆನ್ಸ್. ವಿಎಫ್‌ಎಸ್‌ಗೆ ಗೊತ್ತಿರುವುದು ಐನೋಡ್ ಸ್ಟ್ರಕ್ಟ್ ಮಾತ್ರ. ಇಎಕ್ಸ್‌ಟಿ4 ತನ್ನ ದೊಡ್ಡ ಸ್ಟ್ರಕ್ಟ್‌ನೊಳಗೆ ಆ ಐನೋಡ್ ಇಟ್ಟು, ಹೊಸ ಐನೋಡ್‌ಗೆ ಮೆಮೊರಿ ಪಡೆಯುವ ಅಲಾಕ್_ಐನೋಡ್ ಮೆಥಡ್‌ನಿಂದ ಒಳಗಿನದರ ವಿಳಾಸವನ್ನು ಕೊಡುತ್ತದೆ. ತಿರುಗಿ ಆ ಪಾಯಿಂಟರ್ ಕೈಗೆ ಬಂದಾಗ ಕಂಟೇನರ್_ಆಫ್ ಮ್ಯಾಕ್ರೋ ಆಫ್‌ಸೆಟ್ ಕಳೆದು ಹೊರಗಿನ ಸ್ಟ್ರಕ್ಟ್ ತಲುಪಿಸುತ್ತದೆ. ನೇರ ಕಾಸ್ಟ್ ಬಳಸಬೇಡಿ: ಐನೋಡ್ ಮೊದಲ ಫೀಲ್ಡ್ ಆಗಿರುವಷ್ಟು ದಿನ ನಡೆಯುತ್ತದೆ, ಅದರ ಮುಂದೆ ಯಾರಾದರೂ ಒಂದು ಫೀಲ್ಡ್ ಸೇರಿಸಿದ ದಿನ ಮುರಿಯುತ್ತದೆ.

ಇಡೀ ಫೈಲ್ ಸಿಸ್ಟಮ್‌ನ ಮೆಥಡ್ ಪಟ್ಟಿಯಾದ ಸೂಪರ್_ಆಪರೇಷನ್ಸ್‌ನಲ್ಲಿ ಅಲಾಕ್_ಐನೋಡ್ ತುಂಬಲು ಮರೆತರೆ ವಿಎಫ್‌ಎಸ್ ಬರೀ ಐನೋಡ್‌ಗೆ ಸಾಲುವಷ್ಟೇ ಮೆಮೊರಿ ಕೊಡುತ್ತದೆ. ಕಂಟೇನರ್_ಆಫ್‌ಗೆ ಅದು ತಿಳಿಯದು. ನೀವು ಪಕ್ಕದ ಆಬ್ಜೆಕ್ಟ್ ಮೇಲೆ ಬರೆಯುತ್ತೀರಿ, ಕರ್ನಲ್ ಬೀಳುವುದು ಸಂಬಂಧವೇ ಇಲ್ಲದ ಜಾಗದಲ್ಲಿ. ಮೆಮೊರಿ ತಪ್ಪುಗಳನ್ನು ಹಿಡಿಯುವ ಕೆಎಎಸ್‌ಎಎನ್ ಹಾಕಿಕೊಂಡು ಕರ್ನಲ್ ಕಟ್ಟಿದರೆ ಸಾಮಾನ್ಯವಾಗಿ ತಪ್ಪಾದ ಸಾಲೇ ಸಿಗುತ್ತದೆ.

ಐನೋಡ್‌ನ ಲಿಸ್ಟ್ ಹೆಡ್ ಮುಂತಾದವನ್ನು ಸಜ್ಜುಗೊಳಿಸುವ ಐನೋಡ್_ಇನಿಟ್_ಒನ್ಸ್ ಕರೆಯಬೇಕಾದದ್ದು ಸ್ಲ್ಯಾಬ್ (ಒಂದೇ ಬಗೆಯ ಆಬ್ಜೆಕ್ಟ್‌ಗಳಿಗೆ ಮೆಮೊರಿ ಕೊಡುವ ಕರ್ನಲ್ ವ್ಯವಸ್ಥೆ) ಕನ್‌ಸ್ಟ್ರಕ್ಟರ್‌ನಲ್ಲಿ. ಆ ಕನ್‌ಸ್ಟ್ರಕ್ಟರ್ ಪ್ರತಿ ಅಲೊಕೇಶನ್‌ಗೂ ಓಡುವುದಿಲ್ಲ. ಆದ್ದರಿಂದ ಅಲಾಕ್_ಐನೋಡ್‌ನಲ್ಲಿ ಇಡೀ ಸ್ಟ್ರಕ್ಟ್‌ಗೆ ಮೆಮ್‌ಸೆಟ್ ಮಾಡಿದರೆ ಲಿಸ್ಟ್ ಹೆಡ್‌ಗಳು ಸೊನ್ನೆಯಾಗಿ ಹಾಳಾಗುತ್ತವೆ. ನಿಮ್ಮ ಫೀಲ್ಡ್‌ಗಳನ್ನಷ್ಟೇ ಸೊನ್ನೆ ಮಾಡಿ. ಮೆಮೊರಿ ಬಿಡುವುದು ಲಿನಕ್ಸ್ 5.2ರಿಂದ ಇರುವ ಫ್ರೀ_ಐನೋಡ್‌ನಲ್ಲಿ, ಏಕೆಂದರೆ ಅದು ಆರ್‌ಸಿಯು ಅವಧಿ (ಲಾಕ್ ಇಲ್ಲದೆ ಓದುತ್ತಿರುವವರು ಮುಗಿಸುವವರೆಗಿನ ಕಾಯುವಿಕೆ) ಮುಗಿದ ಮೇಲೆಯೇ ಓಡುತ್ತದೆ. ಮೊದಲೇ ಬಿಟ್ಟರೆ ಪಾಥ್ ಹುಡುಕುತ್ತಿರುವ ಇನ್ನೊಂದು ಸಿಪಿಯು ಸತ್ತ ಐನೋಡ್ ಓದುತ್ತದೆ.

ಮೆಥಡ್‌ನ ಸಹಿಯಲ್ಲಿ ಕಾಣದ ಷರತ್ತು ಎಂದರೆ ಲಾಕ್. ಫೈಲ್ ಸೃಷ್ಟಿಸುವ ಕ್ರಿಯೇಟ್ ಬರುವಾಗ ಡೈರೆಕ್ಟರಿಯ ಐ_ಆರ್‌ಡಬ್ಲ್ಯೂಸೆಮ್ ಎಂಬ ಲಾಕ್ ಎಕ್ಸ್‌ಕ್ಲೂಸಿವ್ (ಒಬ್ಬರಿಗೆ ಮಾತ್ರ) ಆಗಿರುತ್ತದೆ, ಹೆಸರು ಹುಡುಕುವ ಲುಕಪ್‌ನಲ್ಲಿ ಶೇರ್ಡ್ (ಹಲವರಿಗೆ ಒಟ್ಟಿಗೆ) ಆಗಿರಬಹುದು. ಅಂದರೆ ಒಂದೇ ಡೈರೆಕ್ಟರಿಯಲ್ಲಿ ಎರಡು ಲುಕಪ್ ಒಟ್ಟಿಗೇ ನಡೆಯುತ್ತವೆ. ಅಲ್ಲಿ ನಿಮ್ಮದೇ ಕ್ಯಾಶ್ ಇದ್ದರೆ ಅದಕ್ಕೆ ನಿಮ್ಮದೇ ಲಾಕ್ ಬೇಕು. ಯಾವ ಮೆಥಡ್‌ಗೆ ಯಾವ ಲಾಕ್ ಎಂಬುದು ಕರ್ನಲ್ ಸೋರ್ಸ್ ಜೊತೆ ಬರುವ ದಾಖಲೆಗಳಲ್ಲಿ, ಫೈಲ್ ಸಿಸ್ಟಮ್ ಫೋಲ್ಡರ್‌ನ ಲಾಕಿಂಗ್ ಫೈಲ್‌ನಲ್ಲಿದೆ. ಮೊದಲ ಮೆಥಡ್ ಬರೆಯುವ ಮುಂಚೆ ಅದನ್ನು ಓದಿ.