ಬಂದರಿನಲ್ಲಿ ಕಂಟೇನರ್ ಹಡಗು ಕಾಯುವುದು ತಪ್ಪಬೇಕಾದರೆ ಕ್ರೇನ್ ಜಾಸ್ತಿ ಹಾಕಿದರೆ ಸಾಕಲ್ವಾ?

ಸಾಕಾಗಲ್ಲ. ಬೆಂಗಳೂರಲ್ಲಿ ಸಮುದ್ರ ಇಲ್ಲದಿದ್ದರೂ ಇದು ನನ್ನ ಹೊಟ್ಟೆಪಾಡಿನ ವಿಷಯ. ವೈಟ್‌ಫೀಲ್ಡ್ ಐಸಿಡಿ (ಬಂದರಿನಿಂದ ದೂರ, ಒಳನಾಡಿನಲ್ಲಿರುವ ಕಂಟೇನರ್ ಡಿಪೋ) ಹತ್ತಿರ ರಫ್ತಿನ ಕಾಗದಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಬಾಕ್ಸ್‌ಗಳು (ಕಂಟೇನರ್‌ಗಳನ್ನು ನಾವು ಹಾಗೇ ಕರೆಯೋದು) ಹೆಚ್ಚಾಗಿ ಚೆನ್ನೈ ಕಡೆಯಿಂದ ಹಡಗು ಹತ್ತುತ್ತವೆ.

ಒಳ್ಳೆಯ ಕ್ರೇನ್ ಗಂಟೆಗೆ 25-30 ಬಾಕ್ಸ್ ಎತ್ತುತ್ತದೆ. ಆದರೆ ಕೆಳಗೆ ಟ್ರೈಲರ್ ಬಂದಿರದಿದ್ದರೆ ಬಾಕ್ಸ್ ಹಿಡಿದುಕೊಂಡು ಸುಮ್ನೆ ತೂಗಾಡಬೇಕು. ಟ್ರೈಲರ್ ಸಿಕ್ಕಿಕೊಳ್ಳುವುದು ಬಾಕ್ಸ್ ಪೇರಿಸಿಡುವ ಯಾರ್ಡ್‌ನಲ್ಲಿ.

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಒಂದರ ಹಿಂದೆ ಒಂದು ಕಾರು ನಿಲ್ಲಿಸುತ್ತಾರೆ. ಒಳಗಿನದು ತೆಗೆಯಬೇಕಂದ್ರೆ ಎದುರು ಮನೆ ಅಂಕಲ್‌ನ ಎಬ್ಬಿಸಿ ಕೀ ಇಸ್ಕೋಬೇಕು. ಯಾರ್ಡ್‌ನಲ್ಲಿ ಇದೇ ಕಥೆ, ಎತ್ತರಕ್ಕೆ. ಐದರಲ್ಲಿ ಅಡಿಯದು ಬೇಕಾದರೆ ಮೇಲಿನ ನಾಲ್ಕನ್ನು ಎತ್ತಿ ಪಕ್ಕಕ್ಕಿಡಬೇಕು. ಅದಕ್ಕೇ ಬಾಕ್ಸ್ ಒಳಗೆ ಬರುವಾಗಲೇ ಹಡಗು, ಇಳಿಯುವ ಊರು, ತೂಕ ನೋಡಿ ಜೋಡಿಸುವುದು ಮುಖ್ಯ. ಹಡಗಿನಲ್ಲಿ ಭಾರದ್ದು ತಳಕ್ಕೆ, ಅಂದರೆ ಅದು ಮೊದಲು ಹೋಗಬೇಕು. ಹಾಗಾಗಿ ಯಾರ್ಡ್‌ನಲ್ಲಿ ಭಾರದ್ದು ಮೇಲಿದ್ದರೆ ಅನುಕೂಲ. ತೂಕವನ್ನು ಮೊದಲೇ ಸರಿಯಾಗಿ ಹೇಳದಿದ್ದರೆ ಈ ಲೆಕ್ಕವೆಲ್ಲ ಮಣ್ಣು. 2016ರ ಜುಲೈ 1ರಿಂದ ವಿಜಿಎಂ, ಅಂದರೆ ತೂಗಿ ಖಾತ್ರಿ ಮಾಡಿದ ಒಟ್ಟು ತೂಕ, ಕೊಡದೆ ಬಾಕ್ಸ್ ಹಡಗು ಹತ್ತುವಂತಿಲ್ಲ.

ಆಮದಿನ ಮಾಲಿನದು ಬೇರೆ ಗೋಳು. ಫ್ರೀ ಡೇಸ್ (ಬಾಡಿಗೆ ಇಲ್ಲದೆ ಬಾಕ್ಸ್ ಇಡಬಹುದಾದ ದಿನಗಳು) ಇದೆಯಲ್ಲಾ ಅಂತ ಕೆಲವರು ಬಂದರನ್ನೇ ಗೋಡೌನ್ ಮಾಡಿಕೊಳ್ಳುತ್ತಾರೆ. ಹಡಗು ಬರುವ ಮುಂಚೆಯೇ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಹಾಕಿ, ಡಿಪಿಡಿಯಲ್ಲಿ, ಅಂದರೆ ಡೈರೆಕ್ಟ್ ಪೋರ್ಟ್ ಡೆಲಿವರಿಯಲ್ಲಿ, ಬಂದರಿನಿಂದ ನೇರ ಕಾರ್ಖಾನೆಗೆ ಒಯ್ದರೆ ಯಾರ್ಡ್ ಖಾಲಿಯಾಗುತ್ತದೆ. ನನ್ನ ಕೇಳಿದರೆ ಹೊಸ ಕ್ರೇನ್‌ಗಿಂತ ಇದೇ ಮೊದಲು. ಲಾರಿಗಳಿಗೆ ಸಮಯ ಕೊಟ್ಟು ಕರೆಸುವುದೂ ಒಳ್ಳೆಯದೇ, ಲಾರಿ ಹೇಳಿದ ಹೊತ್ತಿಗೆ ಬಂದರೆ!

ಇನ್ನು ಬಂದರಿನ ಗೇಟು. ಕಂಟೇನರ್ ನಂಬರ್ ತಪ್ಪಾದರೆ ಕೊನೆಯ ಅಂಕಿ ತಾಳೆಯಾಗದೆ ಕಂಪ್ಯೂಟರೇ ಸಾಮಾನ್ಯವಾಗಿ ಹಿಡಿಯುತ್ತದೆ. ಬಾಕ್ಸ್ ಬಾಗಿಲಿಗೆ ಹಾಕುವ ಸೀಲಿನ ನಂಬರಿಗೆ ಆ ಭಾಗ್ಯ ಇಲ್ಲ. ಒಮ್ಮೆ ನಾನು 6ರ ಜಾಗದಲ್ಲಿ 9 ಹೊಡೆದಿದ್ದೆ. ರಾತ್ರಿ ಎರಡೂವರೆಗೆ ಡ್ರೈವರ್ ಫೋನು: "ಸಾರ್, ಸೀಲು ಟ್ಯಾಲಿ ಆಗ್ತಿಲ್ಲ ಅಂತಾರೆ, ರಿವರ್ಸ್ ತಗೊಳ್ಳೋಕೂ ಜಾಗ ಇಲ್ಲ." ಹಿಂದಿನ ಲಾರಿಗಳ ಹಾರ್ನ್ ಫೋನಲ್ಲೇ ಕೇಳಿಸುತ್ತಿತ್ತು. ನಾನು ಲ್ಯಾಪ್‌ಟಾಪ್ ತೆಗೆದು ತಿದ್ದಿ ಕಳಿಸುವವರೆಗೆ ಆ ಸಾಲು ಪೂರ್ತಿ ನಿಂತಿತ್ತು. ಈಗ ಗಾಡಿ ಕಾರ್ಖಾನೆ ಬಿಡುವ ಮೊದಲೇ ಸೀಲಿನ ಫೋಟೋ ನನ್ನ ವಾಟ್ಸಾಪ್‌ಗೆ ಬರಬೇಕು. ಮಸುಕಾಗಿದ್ದರೆ ಇನ್ನೊಂದು ತೆಗೆಸುತ್ತೇನೆ, ಡ್ರೈವರ್ ಬೈದುಕೊಂಡರೂ ಪರವಾಗಿಲ್ಲ.